ಬುಡಾಪೆಸ್ಟಿನಲ್ಲಿ ಬಿಚ್ಚಿದ ಉಡಿ

ಹೋದ ವಾರ ಬ್ಯಾಡಗಿಯಲ್ಲಿ ನಮ್ಮ ಅತ್ತೆಯ ಕಡೆಯವರ ಮನೆಯಲ್ಲಿ ಒಂದು ಕುಬಸ, ಸೀಮಂತದ ಕಾರ್ಯ, ಇತ್ತು. ಬಸುರಿಗೆ ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರಿಗೂ ತುಂಬಿದರು. ಸೆರಗಿನಲ್ಲಿ ಬಿದ್ದ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಎಲೆ, ಬಾಳೆಹಣ್ಣನ್ನೆಲ್ಲ ಅವರೇ ಕೊಟ್ಟ ಕುಪ್ಪಸದ ಖಣದಲ್ಲಿ ಗಂಟು ಕಟ್ಟಿಕೊಂಡು ಹಾವೇರಿಗೆ ಬಂದೆ. ಬಂದವಳೇ ಅಂಗಡಿಯ ಬಾಗಿಲು ತೆಗೆದು, ಗಂಟನ್ನು ಕೌಂಟರಿನ ಕೆಳಗೆ ಇಟ್ಟು ಮರೆತುಬಿಟ್ಟೆ. ಎರಡು ದಿನ ಬಿಟ್ಟು ಒಂದು ವಾಸನೆ ಹಬ್ಬಿತು. ಕಳಿತ ಬಾಳೆಹಣ್ಣು, ಬಾಡಿದ ಎಲೆ, ಅರಿಷಿಣ, ಹೊಸ ಬಟ್ಟೆಯ ಗಂಜಿ, ಎಲ್ಲ ಕೂಡಿದ ವಾಸನೆ. ಟಿಕೆಟ್ ತೆಗೆಸಲು ಬಂದಿದ್ದ ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಎದುರುಮನೆಯ ಚಿಗವ್ವ ನೆನಪಾಗಿದ್ದಳು...

ಆಕೆ ನನಗೆ ಖರೇ ಸಂಬಂಧದ ಚಿಕ್ಕಮ್ಮನಲ್ಲ. ಓಣಿಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದೆವು, ಅಷ್ಟೆ. ಗಂಡ ತೀರಿದ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಒಬ್ಬಳೇ ಮಗಳನ್ನು ಬೆಳೆಸಿದವಳು. ಮುಂಜಾನೆ ನಮ್ಮ ಮನೆಯಲ್ಲಿ ಅಲಾರಾಂ ಬೇಕಾಗಿರಲಿಲ್ಲ, ಎದುರಿನಿಂದ ಪಟಪಟ ರೊಟ್ಟಿ ಬಡಿಯುವ ಸಪ್ಪಳವೇ ಸಾಕಿತ್ತು. ಮಾತಿಗೆ ಕೂತರೆ ಏಳುತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ಆಕೆಯ ನಾಲಿಗೆಯ ಮೇಲಿತ್ತು. ಅಂಥವಳು ಒಂದೇ ಒಂದು ಸಂಗತಿಯನ್ನು ಯಾರಿಗೂ ನೆಟ್ಟಗೆ ಹೇಳದೆ ಹೋದಳು. ಅದು ಏನು, ಹೇಗಾಯಿತು ಎಂದು ನಾನು ಇವತ್ತಿಗೂ ಕೂಡಿಸಿ ಕಳೆದು ನೋಡುತ್ತಲೇ ಇದ್ದೇನೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಬಸ್ಸು, ರೈಲು, ವಿಮಾನದ ಟಿಕೆಟ್. ನಾನು ಕಳಿಸಿದ ಮಂದಿ ದುಬೈ ನೋಡಿದ್ದಾರೆ, ಲಂಡನ್ ನೋಡಿದ್ದಾರೆ. ನಾನು ಮಾತ್ರ ಇದುವರೆಗೆ ವಿಮಾನದ ಮೆಟ್ಟಿಲು ತುಳಿದವಳಲ್ಲ. ಆದರೂ ಯಾವ ನಿಲ್ದಾಣದಲ್ಲಿ ಯಾವ ಬಾಗಿಲು ಎಲ್ಲಿದೆ ಎಂದು ಕೂತಲ್ಲೇ ಹೇಳಬಲ್ಲೆ. ಗಂಡ ಇದನ್ನು ನೆನೆಸಿಕೊಂಡಾಗೆಲ್ಲ ನಗುತ್ತಾನೆ. ನಗಲಿ.

ಚಿಗವ್ವನ ಮಗಳನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದರು. ಅಳಿಯ ವಿಮಾನ ರಿಪೇರಿ ಕಲಿತವನು. ಮೊದಲು ಹೈದರಾಬಾದಿನಲ್ಲಿದ್ದ, ಆಮೇಲೆ ಹಂಗೇರಿ ದೇಶದ ಬುಡಾಪೆಸ್ಟ್ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಕೆಲಸ ಸಿಕ್ಕಿತು. ಹ್ಯಾಂಗರ್ ಎಂದರೆ ವಿಮಾನಗಳ ಗ್ಯಾರೇಜು ಎಂದು ನಾನು ಚಿಗವ್ವನಿಗೆ ತಿಳಿಸಿ ಹೇಳಿದ್ದೆ. ಆಕೆ ಅದನ್ನು ಹಿಡಿದುಕೊಂಡು ಎಲ್ಲರಿಗೂ "ನಮ್ಮ ಅಳಿಯಾ ಗ್ಯಾರೇಜಿನ್ಯಾಗ ಅದಾನ" ಎಂದು ಹೇಳಿ, ಕೇಳಿದವರು ಪಾಪ ಅನ್ನುವಂತೆ ಮಾಡಿದ್ದಳು.

ಮಗಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯ ಸಲ ನಿಂತಿತು. ಪದ್ಧತಿಯಂತೆ ಮೊದಲ ಬಾಣಂತನ ತವರಿನಲ್ಲೇ ಆಗಬೇಕು, ಕುಬಸ ಮಾಡಿ ಉಡಿ ತುಂಬಿ ಕರೆತರಬೇಕು. ಆದರೆ ಅಲ್ಲಿಯ ಡಾಕ್ಟರು ವಿಮಾನ ಹತ್ತಲೇ ಬೇಡ ಎಂದುಬಿಟ್ಟರು. ಚಿಗವ್ವ ಎರಡು ದಿನ ರೊಟ್ಟಿ ಬಡಿಯಲಿಲ್ಲ. ಮೂರನೆಯ ದಿನ ಅಂಗಡಿಗೆ ಬಂದು ನನ್ನೆದುರು ಕೂತಳು.

"ಯವ್ವಾ, ಆಕಿ ಬರಾಕ ಬರೂದಿಲ್ಲಂದ್ರ ನಾನ ಹೊಕ್ಕೇನಿ. ಟಿಕೀಟ್ ತಗಿ."

"ಒಬ್ಬಾಕಿನ? ನಡುವ ವಿಮಾನ ಬದಲೀ ಮಾಡಬೇಕಾಗತೈತಿ ಚಿಗವ್ವಾ. ಅಲ್ಲಿ ಕನ್ನಡ ನಡಿಯಂಗಿಲ್ಲ."

"ಬಾಯಿ ಐತಲ್ಲ."

ಪಾಸ್‌ಪೋರ್ಟು, ವೀಸಾ ಎಂದು ಬೆಂಗಳೂರಿಗೆ ಓಡಾಡಿದ್ದು ದೊಡ್ಡ ಕತೆ, ಬಿಡಿ. ಟಿಕೆಟ್ ತೆಗೆಯುವಾಗ ನಾನೊಂದು ಉಪಾಯ ಮಾಡಿದೆ. ನಮ್ಮ ಕಡೆಯಿಂದ ಹೋಗುವ ವಯಸ್ಸಾದವರಿಗೆಲ್ಲ ನಾವು ಟಿಕೆಟ್‌ನವರು ಮಾಡುವ ಉಪಾಯವೇ ಅದು. ಗಾಲಿಕುರ್ಚಿ ಬೇಕು ಎಂದು ಬರೆಸಿಬಿಡುವುದು. ಕಾಲಿಲ್ಲದವರಿಗೆ ಇರುವ ಅನುಕೂಲವನ್ನು ಭಾಷೆ ಇಲ್ಲದವರಿಗೆ ಬಳಸಿಕೊಳ್ಳುವುದು. ಒಬ್ಬ ಮನುಷ್ಯ ಕುರ್ಚಿ ತಳ್ಳಿಕೊಂಡು ಒಂದು ವಿಮಾನದಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾನೆ, ದಾರಿ ತಪ್ಪುವ ಮಾತೇ ಇಲ್ಲ. ಚಿಗವ್ವ ಇದನ್ನು ಕೇಳಿ ಮೂಗು ಮುರಿದಳು. ಶನಿವಾರಕ್ಕೊಮ್ಮೆ ಬಸ್ಸು ಇಳಿದು ಕದರಮಂಡಲಗಿ ಹನುಮಪ್ಪನ ಗುಡಿಗೆ ಬಿರಬಿರನೆ ನಡೆದು ಹೋಗುವವಳು ಆಕೆ. "ನನ್ನ ಕಾಲಿಗೇನ್ ಧಾಡಿ ಆಗೇತಿ" ಎಂದು ಕೇಳಿದಳು. ಕುರ್ಚಿಯಿಂದ ಎದ್ದು ನಡೆದರೆ ಸುಳ್ಳು ಬಯಲಾಗುತ್ತದೆ, ಅಲ್ಲಾಡದೆ ಕೂಡಬೇಕು ಎಂದು ಹೆದರಿಸಿದೆ.

ಮಧ್ಯಾಹ್ನದ ಹೊತ್ತು ಅಂಗಡಿ ಖಾಲಿಯಿದ್ದಾಗ ಆಕೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಬುಡಾಪೆಸ್ಟ್ ನಿಲ್ದಾಣದ ನಕ್ಷೆ ತೋರಿಸುತ್ತಿದ್ದೆ. ಇಲ್ಲಿ ಇಳಿಯುತ್ತಿ, ಇಲ್ಲಿ ಪಾಸ್‌ಪೋರ್ಟಿಗೆ ಸಿಕ್ಕಾ ಹೊಡೆಯುತ್ತಾರೆ, ಇಲ್ಲಿ ಸೂಟ್‌ಕೇಸ್ ಬರುತ್ತದೆ, ಆಮೇಲೆ ಒಂದು ಹಸಿರು ದಾರಿ, ಅಲ್ಲಿ ಸಾಮಾನು ತಪಾಸಣೆ ಮಾಡಿದರೆ ಮಾಡಬಹುದು, ಅದು ದಾಟಿದರೆ ಗಾಜಿನ ಬಾಗಿಲು, ಬಾಗಿಲಾಚೆ ಮಗಳು. ಅಳಿಯ ಅದೇ ನಿಲ್ದಾಣದಲ್ಲಿ ಕೆಲಸ ಮಾಡುತ್ತಾನಲ್ಲ, ಒಳಗೇ ಬಂದು ಕರಕೊಂಡು ಹೋಗಬಾರದೇ ಎಂದು ಕೇಳಿದಳು. ಅವನ ಕಾರ್ಡು ಹ್ಯಾಂಗರಿಗೆ ಮಾತ್ರ ನಡೆಯುತ್ತದೆ, ಪ್ರಯಾಣಿಕರು ಬರುವ ಬಾಗಿಲಲ್ಲಿ ಅವನೂ ನಮ್ಮ ಹಾಗೆ ಹೊರಗೇ ನಿಲ್ಲಬೇಕು ಎಂದೆ. ಅದು ಆಕೆಗೆ ಸರಿ ಕಾಣಲಿಲ್ಲ. ಒಂದು ಹಂಗೇರಿ ಮಾತನ್ನೂ ಕಲಿಸಿದೆ. ಹೊರಗೆ ಹೋಗುವ ದಾರಿಗೆ ಅವರು ಕಿಯಾರಾತ್ ಎನ್ನುತ್ತಾರೆ. ಎಲ್ಲಿ ತಿಳಿಯದಿದ್ದರೂ ಕಿಯಾರಾತ್ ಅನ್ನು, ಯಾರಾದರೂ ಬೆರಳು ತೋರಿಸುತ್ತಾರೆ ಎಂದೆ. ಚಿಗವ್ವ ರೊಟ್ಟಿ ಬಡಿಯುತ್ತ ಅದನ್ನೇ ಬಾಯಿಪಾಠ ಮಾಡಿದಳು. ಓಣಿಯ ಹುಡುಗರೂ ಕಲಿತರು.

ಇನ್ನು ಉಡಿ. ಮಗಳು ಬರದಿದ್ದರೆ ಉಡಿಯೇ ಅಲ್ಲಿಗೆ ಹೋಗಬೇಕು ಎಂದು ಓಣಿಯ ಹೆಂಗಸರು ತೀರ್ಮಾನ ಮಾಡಿದರು. ಖಣದಲ್ಲಿ ಎಲ್ಲ ಇಟ್ಟು ಇಲ್ಲಿಯ ಮುತ್ತೈದೆಯರು ಗಂಟು ಕಟ್ಟುವುದು, ಚಿಗವ್ವ ಒಯ್ಯುವುದು, ಅಲ್ಲಿ ಮಗಳ ಉಡಿಯಲ್ಲಿ ಇಟ್ಟ ಮೇಲೆಯೇ ಬಿಚ್ಚುವುದು. ಆಗ ನಾನು ಬಾಯಿ ಹಾಕಬೇಕಾಯಿತು. ವಿಮಾನದಲ್ಲಿ ಒಣ ಕೊಬ್ಬರಿ ಒಯ್ಯುವಂತಿಲ್ಲ. ಎಣ್ಣೆಯ ಅಂಶ ಇರುವುದರಿಂದ ಬೆಂಕಿ ಹತ್ತುವ ಸಾಮಾನುಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದಾರೆ. ಇದನ್ನು ಹೇಳಿದಾಗ ಮೂಲೆಮನೆಯ ಆಯಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯ ಮುತ್ತೈದೆ ಆಕೆ, ಗಂಟು ಕಟ್ಟುವ ಹಕ್ಕು ಆಕೆಯದು.

"ಕೊಬ್ರಿ ಇಲ್ಲದ ಉಡಿ ಯಾವ ದೇಶದ್ದವ್ವಾ?"

"ನಂದಲ್ರಿ ಆಯೀ, ವಿಮಾನದವ್ರ ಕಾನೂನು."

ಅರ್ಧ ತಾಸು ಚರ್ಚೆ ನಡೆಯಿತು. ಕಡೆಗೆ ಕೊಬ್ಬರಿ ಬಟ್ಟಲಿನ ಬದಲು ಉತ್ತತ್ತಿ ಜಾಸ್ತಿ ಹಾಕುವುದು ಎಂದಾಯಿತು. ಮೆಷಿನ್ನಿನಲ್ಲಿ ಗಂಟು ಹಾಯುವಾಗ ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತದಂತೆ, ಅದು ಬಿಚ್ಚಿದ ಹಾಗೆಯೇ ಅಲ್ಲವೇ ಎಂದು ಇನ್ನೊಬ್ಬಾಕೆ ತಕರಾರು ತೆಗೆದಳು. ಆಯಿ ಯೋಚನೆ ಮಾಡಿ, "ನೋಡಿದ್ರ ನೋಡವಲ್ರಾಕ, ಬಿಚ್ಚಬಾರದಷ್ಟ" ಎಂದು ತೀರ್ಪು ಕೊಟ್ಟಳು. ಚಿಗವ್ವ ಇದಷ್ಟೂ ಹೊತ್ತು ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದಳು. ಗಂಡ ಸತ್ತವರು ಉಡಿ ತುಂಬುವ ಕಡೆ ಮುಂದೆ ಬರುವುದಿಲ್ಲ ನಮ್ಮಲ್ಲಿ. ಅವರು ತುಂಬುವುದೂ ಇಲ್ಲ, ಅವರಿಗೆ ತುಂಬುವುದೂ ಇಲ್ಲ. ಆಕೆಯ ಮಗಳ ಉಡಿಯನ್ನು ನಾವು ಪರರು ಕಟ್ಟುತ್ತಿದ್ದೆವು, ಆಕೆ ಅಲ್ಲಿಂದಲೇ ನೋಡುತ್ತಿದ್ದಳು. ಯಾರಿಗೂ ಅದು ವಿಶೇಷ ಅನಿಸಲಿಲ್ಲ. ನನಗೂ ಅನಿಸಲಿಲ್ಲ.

ಗಂಟು ಕೈಗೆ ಕೊಡುವಾಗ ಆಯಿ ಮತ್ತೆ ಎಚ್ಚರಿಸಿದಳು. "ಎರಡ್ ಸಲ ನಿಂತಿಲ್ಲ ಆಕಿಗೆ. ದಾರ್ಯಾಗ ಯಾರ ಕೈಗೂ ಕೊಡಬ್ಯಾಡ, ಬಿಚ್ಚಬ್ಯಾಡ." ಚಿಗವ್ವ ಅದನ್ನು ಎದೆಗೆ ಒತ್ತಿಕೊಂಡಳು. ಆ ಗಂಟು ಬಿಚ್ಚದೆ ಮುಟ್ಟಿದರೆ ಕೂಸು ನೆಟ್ಟಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದು ಆಕೆಯ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ಇಂಥದ್ದನ್ನೆಲ್ಲ ಅರ್ಧ ನಂಬುತ್ತೇನೆ, ಅರ್ಧ ನಂಬುವುದಿಲ್ಲ. ಆವತ್ತು ಪೂರ್ತಿ ನಂಬಿದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಸಣ್ಣ ವಿಮಾನ. ಬಿಡಲು ನಾನೇ ಹೋಗಿದ್ದೆ. ಗಾಜಿನ ಹೊರಗೆ ನಿಂತು ನೋಡಿದಾಗ ಮೆಷಿನ್ನಿನ ಹತ್ತಿರ ಇದ್ದ ಪೊಲೀಸ್ ಹುಡುಗಿ ಗಂಟನ್ನು ನೋಡಿ ಏನೋ ಕೇಳಿದಳು, ಚಿಗವ್ವ ಏನೋ ಹೇಳಿದಳು, ಆ ಹುಡುಗಿ ಗಂಟನ್ನು ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟಳು. ನನ್ನ ಎದೆ ಹಗುರಾಯಿತು. ಆದರೆ ಹುಬ್ಬಳ್ಳಿಯ ಹುಡುಗಿಗೆ ಉಡಿ ಎಂದರೆ ಗೊತ್ತು. ಅಲ್ಲಿಯವರಿಗೆ?

ಮರುದಿನ ಸಂಜೆ ಓಣಿಯ ಮಂದಿಯ ಫೋನುಗಳಿಗೆಲ್ಲ ಒಂದು ಫೋಟೋ ಬಂತು. ಬುಡಾಪೆಸ್ಟ್ ನಿಲ್ದಾಣದ ಗಾಜಿನ ಬಾಗಿಲ ಮುಂದೆ ಅಳಿಯ ತೆಗೆದದ್ದು. ಚಿಗವ್ವ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಮುಖ ಊದಿಕೊಂಡಿದೆ, ಕಣ್ಣು ಕೆಂಪಗಿವೆ. ಎರಡೂ ಕೈಯಿಂದ ಸೆರಗನ್ನು ಹೊಟ್ಟೆಯ ಹತ್ತಿರ ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಕೆಳಗೆ ಅಳಿಯ ಬರೆದದ್ದು ಒಂದೇ ಮಾತು, "ಮುಟ್ಟಿದರು."

ಗಾಲಿಕುರ್ಚಿಯ ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು. ಓಣಿಗೆ ಗೊತ್ತಿರಲಿಲ್ಲ. ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಚಿಗವ್ವನಿಗೆ ವಿಮಾನದಲ್ಲಿ ಲಕ್ವಾ ಹೊಡೆದಿದೆ ಎಂದು ಆಗಿಹೋಗಿತ್ತು. ಮೂಲೆಮನೆಯ ಆಯಿ ಕನ್ನಡಕ ಏರಿಸಿ ಫೋಟೋ ನೋಡಿ, "ಹೊಟ್ಟೀನೂ ಬಾತೈತಿ ನೋಡ" ಎಂದಳು. ಲಕ್ವಾಕ್ಕೆ ಹಚ್ಚುವ ಎಣ್ಣೆ ಯಾವ ಊರಲ್ಲಿ ಸಿಗುತ್ತದೆ ಎಂದು ವಿಚಾರ ಮಾಡಿದ್ದರು. ಕುರ್ಚಿ ಹೇಳಿ ಬರೆಸಿದ್ದೇ ನಾನು, ಆಕೆಗೆ ಏನೂ ಆಗಿಲ್ಲ ಎಂದರೆ ಯಾರೂ ನಂಬಲಿಲ್ಲ. "ನೀ ಸಮಾಧಾನಕ್ಕ ಹೇಳ್ತಿ" ಎಂದರು. ಹೇಳಿ ಹೇಳಿ ನನಗೇ ಸಂಶಯ ಬರತೊಡಗಿತು. ಫೋನು ಮಾಡಿದರೆ ಮಗಳು "ಅವ್ವ ಆರಾಮ ಅದಾಳಕ್ಕಾ" ಎಂದಳು. ಚಿಗವ್ವ ಮಾತ್ರ ಫೋನಿಗೆ ಬರಲಿಲ್ಲ. ಮಾತಿಗಾಗಿಯೇ ಹುಟ್ಟಿದಂತಿದ್ದ ಹೆಂಗಸು ಫೋನಿಗೆ ಬರುವುದಿಲ್ಲವೆಂದರೆ ಏನೆಂದು ತಿಳಿಯುವುದು... ಉಡಿ ಮುಟ್ಟಿತೇ ಎಂದು ಕೇಳಿದೆ. "ಮುಟ್ಟತು" ಎಂದಳು, ಕೂಡಲೇ ಮಾತು ಬದಲಿಸಿ ಓಣಿಯವರ ಆರಾಮ ಕೇಳಿದಳು.

ನಾಲ್ಕನೆಯ ದಿನ ಹೆರಿಗೆಯ ಸುದ್ದಿ ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮ. ಓಣಿಗೆಲ್ಲ ನಾನೇ ಸಕ್ಕರೆ ಹಂಚಿದೆ.

ವೀಸಾದ ಅವಧಿ ಮುಗಿದು ಚಿಗವ್ವ ಬಂದಾಗ ನೋಡಬೇಕಿತ್ತು. ಹುಬ್ಬಳ್ಳಿಗೆ ಕಾರು ಕಳಿಸುತ್ತೇನೆ ಎಂದರೂ ಕೇಳದೆ ಬಸ್ಸಿನಲ್ಲಿ ಬಂದು, ಬಸ್ ಸ್ಟ್ಯಾಂಡಿನಿಂದ ಚೀಲ ತಲೆಯ ಮೇಲಿಟ್ಟುಕೊಂಡು ಬಿರಬಿರನೆ ಓಣಿಗೆ ನಡೆದು ಬಂದಳು. ಲಕ್ವಾದ ಎಣ್ಣೆ ತರಿಸಿ ಇಟ್ಟುಕೊಂಡಿದ್ದ ಆಯಿಗೆ ಸಂತೋಷವಾಯಿತೋ ನಿರಾಸೆಯಾಯಿತೋ ಹೇಳಲಾರೆ.

ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಉಡಿ ಬಿಚ್ಚಿದರೇ? ಬಂದ ದಿನ ಚಿಗವ್ವ, "ಏನೂ ಕೇಳಲಿಲ್ರವ್ವಾ, ಕೈ ಮುಗದು ಬಿಟ್ಟರು" ಎಂದಳು. ಮುಂದಿನ ವಾರ ಆಯಿಯ ಎದುರು ಅದು ಸ್ವಲ್ಪ ಬದಲಾಯಿತು. "ಎಲಿ ಅಷ್ಟ ತಗದ್ರು, ಹಸರ ಎಲಿ ಒಳಗ ಬಿಡೂದಿಲ್ಲಂತ." ಗಂಟು ಬಿಚ್ಚದೆ ಎಲೆ ಹೇಗೆ ತೆಗೆದರು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ಆದರೆ ಕೂಸು ಆರಾಮಾಗಿ ಬಂದಿರುವಾಗ ಕೆದಕುವುದೇಕೆ ಎಂದು ಬಿಟ್ಟೆ. ಒಂದು ದಿನ ತಾನಾಗಿಯೇ ಅಂಗಡಿಗೆ ಬಂದು ಕೂತಳು.  ಝೆರಾಕ್ಸ್ ಮೆಷಿನ್ನನ್ನೇ ನೋಡುತ್ತ, "ಬಿಚ್ಚಿದ್ರವ್ವಾ" ಎಂದಳು. ಆಮೇಲೆ, "ಬಿಚ್ಚಿದ್ದು ಆಕಿನೋ ನಾನೋ..." ಎಂದಳು. ಆಕಿ ಎಂದರೆ ಯಾರು ಎಂದು ಕೇಳಿದೆ. ಆಕೆ ಕಂಪ್ಯೂಟರಿನ ಕಡೆ ತಿರುಗಿದಳು.

"ಯವ್ವಾ, ನೀ ಕಂಪ್ಯೂಟರಿನ್ಯಾಗ ನೋಡಿ ಹೇಳು. ಆ ದೇಶದಾಗ ಹೆಣ್ಮಕ್ಕಳಿಗೆ ಉಡಿ ತುಂಬೂ ಪದ್ಧತಿ ಐತೇನು?"

ನೋಡಿದೆ. ಅಂಥದ್ದೇನೂ ಸಿಗಲಿಲ್ಲ. ಮದುವೆಯಲ್ಲಿ ಮದುಮಕ್ಕಳ ಮೇಲೆ ಅಕ್ಕಿ ತೂರುವ ವಾಡಿಕೆ ಆ ಕಡೆಯ ದೇಶಗಳಲ್ಲಿ ಇದೆಯಂತೆ ಎಂದು ಹೇಳಿದೆ.

"ತೂರೂದು ಬ್ಯಾರೆ" ಎಂದಳು ಚಿಗವ್ವ. ಎದ್ದು ಹೋದಳು.

ವರುಷ ಕಳೆಯಿತು. ಚಿಗವ್ವ ಮತ್ತೆ ಟಿಕೆಟ್ ಕೇಳಲು ಬಂದಳು. ಮೊಮ್ಮಗಳನ್ನು ನೋಡುವ ಆಸೆ ಎಂದುಕೊಂಡೆ. ಮಗಳೇ ಬೇಸಿಗೆಯಲ್ಲಿ ಕೂಸಿನೊಂದಿಗೆ ಬರುವವಳಿದ್ದಾಳಲ್ಲ ಎಂದೆ. ಆದರೂ ತಾನು ಹೋಗಬೇಕು ಎಂದಳು. ಅದೇ ವಿಮಾನವಾಗಬೇಕು, ಅದೇ ಹೊತ್ತಿಗೆ ಮುಟ್ಟಬೇಕು, ಅದೇ ಬಾಗಿಲಿಂದ ಹೊರಗೆ ಬರಬೇಕು. ಬೇಡಿಕೆ ವಿಚಿತ್ರವಾಗಿತ್ತು. ಯಾಕೆಂದು ಒತ್ತಾಯ ಮಾಡಿ ಕೇಳಿದೆ.

"ಅಲ್ಲೆ ಒಬ್ಬಾಕಿ ಅದಾಳ. ಒಂದ್ ಮಾತು ಕೇಳಬೇಕಾಗೇತಿ."

"ಯಾವಾಕಿ ಚಿಗವ್ವಾ? ಅಲ್ಲಿ ಪಾಳಿ ಮ್ಯಾಲ ಕೆಲಸ ಇರತೈತಿ. ಹೋದ ಸಲ ಇದ್ದಾಕಿ ಈ ಸಲ ಇರತಾಳಂತ ಏನ್ ಭರೋಸಾ? ಇದ್ರೂ ನಿನ್ನ ಮಾತು ಆಕಿಗೆ ತಿಳಿಬೇಕಲ್ಲ."

"ಆವತ್ತ ತಿಳೀತಲ್ಲ."

ಏನು ತಿಳಿಯಿತು ಎಂದು ನನಗೆ ತಿಳಿಯಲಿಲ್ಲ. ಒಟ್ಟಿನಲ್ಲಿ ಮುದುಕಿ ಹಟ ಹಿಡಿದಿದ್ದಾಳೆ ಎಂದುಕೊಂಡು ವೀಸಾದ ಕೆಲಸ ಶುರು ಮಾಡಿದೆ. ಕಾಗದ ಪತ್ರ ಕೂಡಿಸುವುದರಲ್ಲಿದ್ದೆವು. ಒಂದು ಮುಂಜಾನೆ ಎದುರಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹೋಗಿ ನೋಡಿದರೆ ಚಿಗವ್ವ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದಳು... ಒಲೆಯ ಮುಂದೆ ಹಿಟ್ಟಿನ ಬುಟ್ಟಿ ಮುಚ್ಚಿಟ್ಟದ್ದು ಹಾಗೇ ಇತ್ತು. ನನಗೆ ನನ್ನ ತಾಯಿ ಹೋದಾಗ ಬಂದಷ್ಟೇ ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಮಗಳು ಕೂಸನ್ನು ಎತ್ತಿಕೊಂಡು ಬಂದಳು. ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ವಾಪಸು ಹೋಗುವ ಟಿಕೆಟಿನ ದಿನಾಂಕ ಬದಲಿಸಲು ಅಂಗಡಿಗೆ ಬಂದಿದ್ದಳು. ನಿಮ್ಮವ್ವ ಯಾರನ್ನೋ ಏನೋ ಕೇಳಬೇಕು ಎನ್ನುತ್ತಿದ್ದಳಲ್ಲ, ಏನದು ಎಂದು ಕೇಳಿದೆ. ಆಕೆ ಕೂಸನ್ನು ಕೌಂಟರಿನ ಮೇಲೆ ಕೂರಿಸಿ, ಅದರ ಕೈಗೊಂದು ಪೆನ್ನು ಕೊಟ್ಟು, ನಿಧಾನಕ್ಕೆ ಹೇಳಿದಳು. ಅಲ್ಲಿ ನಡೆದದ್ದನ್ನು ಮಗಳೂ ನೋಡಿಲ್ಲ, ಅವಳು ಗಾಜಿನಾಚೆ ನಿಂತಿದ್ದಳು. ಅವ್ವ ಹೇಳಿದ್ದಷ್ಟೇ ಅವಳಿಗೂ ಗೊತ್ತು.

ಹಸಿರು ದಾರಿಯಲ್ಲಿ ಕುರ್ಚಿಯನ್ನು ನಿಲ್ಲಿಸಿದರಂತೆ. ತಪಾಸಣೆಯವರ ಯೂನಿಫಾರ್ಮು ತೊಟ್ಟ ಒಬ್ಬ ಹೆಂಗಸು ಚೀಲ ತೆಗೆದು ನೋಡಿದಳಂತೆ. ಬಾಣಂತಿಗೆಂದು ಒಯ್ದ ಅಂಟಿನ ಉಂಡೆ, ಅಳವಿ ಕಾಳು, ಖಡಕ್ ರೊಟ್ಟಿ ಎಲ್ಲ ನೋಡಿ ಬಿಟ್ಟಳು. ಆಮೇಲೆ ಗಂಟು. ಬಿಚ್ಚು ಎಂದು ಸನ್ನೆ ಮಾಡಿದಳು. ಚಿಗವ್ವ ಒಲ್ಲೆ ಎಂದು ಹೊಟ್ಟೆಗೆ ಅವಚಿಕೊಂಡಳು. ಕಿಯಾರಾತ್, ಕಿಯಾರಾತ್ ಎಂದಳು. ಇದು ಬಸುರಿಯದು ಎಂದು ತಿಳಿಸಲು ತನ್ನ ಹೊಟ್ಟೆಯ ಮೇಲೆ ಕೈಯಿಂದ ದೊಡ್ಡದಾಗಿ ಗುಂಡಗೆ ಬರೆದು ತೋರಿಸಿದಳು. ಆ ಹೆಂಗಸಿಗೆ ಏನು ತಿಳಿಯಿತೋ, ಹೊಟ್ಟೆಯಲ್ಲಿ ಏನೋ ಅಡಗಿಸಿದ್ದಾಳೆ ಎಂದುಕೊಂಡಳೋ, ಪಕ್ಕದ ಕೋಣೆಗೆ ಕುರ್ಚಿ ತಳ್ಳಿಸಿದಳು. ಅಲ್ಲಿ ಗಂಟು ಇಸಿದುಕೊಂಡು ಮೇಜಿನ ಮೇಲೆ ಬಿಚ್ಚಿದಳು. ಎಲೆ ತೆಗೆದು ಡಬ್ಬಿಗೆ ಹಾಕಿದಳು. ಕೈಗವಸಿನ ಬೆರಳಿನಿಂದ ಅಕ್ಕಿ ಕೆದರಿ ನೋಡಿದಳು. ಚಿಗವ್ವ ಸಪ್ಪಳವಿಲ್ಲದೆ ಅತ್ತಳಂತೆ. ಮಗಳದು ಮುಗಿಯಿತು, ಈ ಸಲವೂ ಮುಗಿಯಿತು ಎಂದು.

"ಆಮ್ಯಾಲ ಆಕಿ ಅವ್ವನ ಮಾರಿ ನೋಡಿದ್ಲಂತಕ್ಕಾ" ಎಂದಳು ಮಗಳು. "ಕೈಗವಸು ತಗದ್ಲಂತ. ಅವ್ವನ ಸೆರಗು ತಾನ ಹಿಡದು ಅಗಲ ಮಾಡಿ, ಎರಡೂ ಕೈಯಿಂದ ಬೊಗಸಿ ಬೊಗಸಿ ಅಕ್ಕಿ ಅವ್ವನ ಉಡ್ಯಾಗ ಹಾಕಿದ್ಲಂತ. ಐದು ಬೊಗಸಿ ಅಂತಿದ್ಲು ಅವ್ವ. ಒಮ್ಮೊಮ್ಮೆ ನಾಕ ಇರಬೇಕು ಅಂತಿದ್ಲು. ಉತ್ತತ್ತಿ, ಅಡಕಿ, ಅರಿಷಿಣ, ಹಣ್ಣು ಎಲ್ಲಾ ಹಾಕಿ, ಕಡೀಕ ಖಣ ಮಡಚಿ ಮ್ಯಾಲ ಇಟ್ಟಳಂತ."

 ಮೇಲೆ ಖಣ ಇಡುವುದು, ಬೊಗಸೆಯಿಂದ ಹಾಕುವುದು, ಸೆರಗು ಹಿಡಿಸುವುದು... ನಮ್ಮ ಆಯಿ ತುಂಬಿದರೂ ಬೇರೆ ರೀತಿ ಮಾಡುವುದಿಲ್ಲ. ಗಂಡ ಸತ್ತಾಗಿನಿಂದ ಚಿಗವ್ವನಿಗೆ ಯಾರೂ ಉಡಿ ತುಂಬಿರಲಿಲ್ಲ. ಆ ಫೋಟೋದಲ್ಲಿ ನಾವೆಲ್ಲ ಬಾತ ಹೊಟ್ಟೆ ಎಂದುಕೊಂಡದ್ದು ಅದೇ ಉಡಿ.

ಆದರೆ ಆ ಹೆಂಗಸು ಏನು ಮಾಡಿದಳು? ಬಾಳೆಹಣ್ಣು ಜಜ್ಜಿ ಖಣ ಹಸಿಯಾಗಿತ್ತೋ ಏನೋ, ಅದಕ್ಕೇ ಸೆರಗಿಗೆ ಹಾಕಿರಬೇಕು. ಗಂಟು ಕಟ್ಟಲು ಆಕೆಗೆ ಬರುತ್ತಿರಲಿಲ್ಲವೋ ಏನೋ. ಅವಸರವಿತ್ತೋ ಏನೋ. ಹಾಗಿದ್ದರೆ ಕೈಗವಸು ಯಾಕೆ ತೆಗೆದಳು? ಗವಸು ಇದ್ದರೇನೇ ಅಕ್ಕಿ ಬಾಚುವುದು ಸುಲಭ. ಬಸುರಿಯ ಸನ್ನೆ ತಿಳಿದು, ಮುದುಕಿಯ ಅಳು ನೋಡಿ, ಏನೋ ಪವಿತ್ರವಾದದ್ದನ್ನು ಮುಟ್ಟಿದೆ ಎಂದು ಅನಿಸಿತೇ? ಅನಿಸಿದ್ದರೂ ಅದನ್ನು ಚಿಗವ್ವನ ಉಡಿಗೆ ಹಾಕಬೇಕು ಎಂದು ಯಾರು ಹೇಳಿಕೊಟ್ಟರು? ಎಷ್ಟು ಯೋಚಿಸಿದರೂ ತಲೆಬುಡ ಹತ್ತುವುದಿಲ್ಲ.

ಚಿಗವ್ವನಿಗೂ ಹತ್ತಿರಲಿಲ್ಲ. ಉಡಿ ತುಂಬಿದೆಯೋ, ಬರೀ ಸಾಮಾನು ವಾಪಸು ಕೊಟ್ಟೆಯೋ ಎಂದು ಆ ಹೆಂಗಸನ್ನೇ ಕೇಳಬೇಕಿತ್ತು ಆಕೆಗೆ. ಮಗಳ ಮನೆ ಮುಟ್ಟಿದ ಮೇಲೆ ಆಕೆ ಅದನ್ನು ಮಗಳ ಉಡಿಗೆ ಸುರುವಲಿಲ್ಲವಂತೆ. ಮಗಳಿಗೆಂದು ಕಟ್ಟಿದ್ದು ಈಗ ತನಗೆ ತುಂಬಿದ್ದಾಗಿದೆ. ರಂಡೆಗೆ ತುಂಬಿದ ಉಡಿಯನ್ನು ಬಸುರಿಗೆ ಕೊಡಬಹುದೋ, ಕೊಡದಿದ್ದರೆ ಮಗಳ ಉಡಿ ಬರಿದೇ ಉಳಿಯುತ್ತದೋ. ಮೂರು ದಿನ ಒಂದು ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಇಟ್ಟುಕೊಂಡು ಅದರ ಮುಂದೆ ಕೂತಿದ್ದಳಂತೆ. ಅದಕ್ಕೇ ಯಾರ ಫೋನಿಗೂ ಬಂದಿರಲಿಲ್ಲ. ಮೂರನೆಯ ದಿನ ಮಗಳಿಗೆ ಬೇನೆ ಶುರುವಾಯಿತು. ಆಸ್ಪತ್ರೆಗೆ ಹೊರಡುವಾಗ ಬಾಗಿಲಲ್ಲಿ ಅಡ್ಡ ನಿಂತಳು.

"ಡಬ್ಬಿ ತಂದು ನನ್ನ ಉಡ್ಯಾಗ ಅರ್ಧ ಸುರುವಿದ್ಲು. ಉಳಿದ ಅರ್ಧಕ್ಕ ಮುಚ್ಚಳ ಹಾಕಿದ್ಲು. ಅದನ್ನೂ ಹಾಕವ್ವಾ ಅಂದೆ. 'ಇದು ನಂದು' ಅಂದ್ಲು."

ಆ ಅರ್ಧವನ್ನು ಚಿಗವ್ವ ಊರಿಗೆ ತಂದಿದ್ದಳಂತೆ. ಆಗ ನನಗೆ ನೆನಪಾಯಿತು. ಆಕೆ ಬಂದ ಹೊಸದರಲ್ಲಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಒಂದು ಮಧ್ಯಾಹ್ನ ಎದುರುಮನೆಯಿಂದ ಬೆಲ್ಲ ಏಲಕ್ಕಿಯ ಹುಗ್ಗಿಯ ಘಮ ಬಂದಿತ್ತು. ಸಿಹಿ ಏನೇ ಮಾಡಿದರೂ ಮೊದಲು ನಮಗೆ ಬಟ್ಟಲು ಕಳಿಸುತ್ತಿದ್ದವಳು ಆವತ್ತು ಕಳಿಸಲಿಲ್ಲ. ಮುಂಬಾಗಿಲು ಮುಚ್ಚಿತ್ತು. ಏನು ಜಿಪುಣತನ ಬಂತು ಈಕೆಗೆ ಎಂದು ಗಂಡನ ಮುಂದೆ ಆಡಿಕೊಂಡಿದ್ದೆ. ಉಡಿಯ ಅಕ್ಕಿಯನ್ನು ತುಂಬಿಸಿಕೊಂಡವಳೇ ಅಡುಗೆ ಮಾಡಿ ಉಣ್ಣಬೇಕು, ಅದು ಪದ್ಧತಿ. ಒಬ್ಬಳೇ ಕೂತು ಉಂಡಿದ್ದಳು. ಸಂತೋಷದಿಂದ ಉಂಡಳೋ ಅಂಜಿಕೊಂಡು ಉಂಡಳೋ, ಯಾರನ್ನು ಕೇಳಲಿ?

ಇದನ್ನು ನಾನು ಓಣಿಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಆಯಿ ಒಂದು ತೀರ್ಪು ಕೊಟ್ಟುಬಿಡುತ್ತಾಳೆ. ತೀರ್ಪು ನನಗೆ ಬೇಕಾಗಿಲ್ಲ. ಮೊನ್ನೆ ನನ್ನ ಗಂಟು ಬಿಚ್ಚಿ, ಕೊಳೆತದ್ದನ್ನು ತೆಗೆದು, ಅಕ್ಕಿಯನ್ನು ಮೊರದಲ್ಲಿ ಹರವಿದ ಮೇಲೆ ಮನಸ್ಸು ತಡೆಯದೆ ಚಿಗವ್ವನ ಮಗಳಿಗೆ ಫೋನು ಮಾಡಿದೆ. ಅಲ್ಲಿ ಆಗಿನ್ನೂ ಮಧ್ಯಾಹ್ನ. ಅವಳು ಈಗ ಗಂಡನಿಗೆ ಬುತ್ತಿ ಕೊಡಲು, ಬಂದವರನ್ನು ಕರೆತರಲು ಎಂದು ಆಗಾಗ ವಿಮಾನ ನಿಲ್ದಾಣಕ್ಕೆ ಹೋಗುತ್ತಾಳೆ. ಕೂಸು ಈಗ ಹಂಗೇರಿ ಮಾತನ್ನೇ ಹೆಚ್ಚು ಆಡುತ್ತದಂತೆ.

"ಆ ಹೆಂಗಸು ಎಲ್ಲೆರ ಕಂಡಳೇನು?" ಎಂದು ಕೇಳಿದೆ.



"ಊರಿಗೆ ಬಂದು ಹೋಗೂವಾಗೆಲ್ಲ ಆ ಹಸರು ದಾರ್ಯಾಗ ನಿಂತು ನೋಡತೇನಕ್ಕಾ. ಮಾರಿ ಹೆಂಗಿತ್ತಂತ ಅವ್ವ ಹೇಳಲೇ ಇಲ್ಲ. ಕೈ ತಣ್ಣಗಿದ್ದೂ ಅಂತ ಅಷ್ಟ ಹೇಳಿದ್ಲು. ಅಲ್ಲೆ ಎಲ್ಲಾರೂ ಕೈಗವಸು ಹಾಕ್ಕೊಂಡ ನಿಂತಿರತಾರ."

ಫೋನು ಇಟ್ಟ ಮೇಲೆ ಬಹಳ ಹೊತ್ತು ಅಂಗಡಿಯಲ್ಲೇ ಕೂತಿದ್ದೆ. ಇಬ್ಬರು ಟಿಕೆಟಿಗೆ ಬಂದು, ನನ್ನ ಮುಖ ನೋಡಿ, ಆಮೇಲೆ ಬರುತ್ತೇವೆ ಎಂದು ಹೋದರು. ಚಿಗವ್ವ ಇದ್ದಿದ್ದರೆ ಅದೇ ವಿಮಾನಕ್ಕೆ, ಅದೇ ಹೊತ್ತಿಗೆ ಟಿಕೆಟ್ ಹುಡುಕಿ ಕೊಡುತ್ತಿದ್ದೆ, ಜೊತೆಗೆ ನಾನೂ ಹೋಗುತ್ತಿದ್ದೆ. ಕೇಳಬೇಕೆಂದವಳು ಇಲ್ಲ. ಏನು ಕೇಳಬೇಕಿತ್ತು ಎಂಬುದು ನನಗೆ ಗೊತ್ತಾದದ್ದು ಅವಳನ್ನು ಮಣ್ಣು ಮಾಡಿ ಬಂದ ಮೇಲೆ.